ಟೂ ಇನ್ ಒನ್ ರಿಪೇರಿ: ರೇಡಿಯೋ ಸರಿ ಇದೆ, ಟೇಪ್ ಮಾತ್ರ ಅಳುತ್ತದೆ

ಕುಂದಾಪುರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಒಂದು ಟೂ ಇನ್ ಒನ್ ಇದೆ, ರೇಡಿಯೋ ಮತ್ತು ಕ್ಯಾಸೆಟ್ ಟೇಪ್ ಎರಡೂ ಒಂದರಲ್ಲೇ ಇರುವ ಸೆಟ್. 1984ರಲ್ಲಿ ದೊಡ್ಡಪ್ಪ ದುಬೈಯಿಂದ ಬರುವಾಗ ತಂದದ್ದು. ಎರಡು ಸ್ಪೀಕರ್, ಎಂಟು ದೊಡ್ಡ ಶೆಲ್ಲು, ಮೇಲೊಂದು ಹಿಡಿಕೆ. ಹತ್ತು ಹದಿನೈದು ವರ್ಷ ಅಟ್ಟದ ಮೇಲೇ ಇತ್ತು. ಹೋದ ಸಲ ಊರಿಗೆ ಹೋದಾಗ ದೊಡ್ಡಮ್ಮ ಅದನ್ನು ಕೆಳಗಿಳಿಸಿ, ಒರೆಸಿ, ಜಗಲಿಯಲ್ಲಿ ಇಟ್ಟಿದ್ದರು. "ಮಗಾ, ಇದ್ಕ್ ಎಂತ ಆಯ್ತ್ ಕಾಣ್. ರೇಡಿಯೋ ಸಮ ಇತ್ತ್, ಪದ ಹಾಕ್ರೆ ಮರ್ಕತ್ತ್" ಅಂದರು.

ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಅದರಲ್ಲಿ ಒಂಬತ್ತು ಕ್ಯಾಸೆಟ್. ದೊಡ್ಡಪ್ಪ ಇದೇ ಸೆಟ್ಟನ್ನು ಹೊತ್ತುಕೊಂಡು ಹೋಗಿ, ಯಕ್ಷಗಾನದ ಟೆಂಟಿನಲ್ಲಿ ಎದುರಿಗೇ ಕೂತು ರೆಕಾರ್ಡ್ ಮಾಡಿದ ಆಟಗಳು. ಎರಡರ ಮೇಲೆ ನೀಲಿ ಪೆನ್ನಿನಲ್ಲಿ 'ನಾವಡರು' ಅಂತ ಬರೆದಿದೆ. ಯಕ್ಷಗಾನದ ಭಾಗವತರು, ಅಂದರೆ ಹಾಡುಗಾರರು, ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು. ಆ ರಾತ್ರಿಯ ಆ ಪದ ಇನ್ನೆಲ್ಲೂ ಸಿಗುವುದಿಲ್ಲ.

ಆದ್ದರಿಂದ ನನಗೆ ಸೆಟ್ಟಿಗಿಂತ ಆ ಕ್ಯಾಸೆಟ್ ಮುಖ್ಯ. ಈ ಬರಹದ ಕ್ರಮವೂ ಅದಕ್ಕೆ ತಕ್ಕ ಹಾಗೇ ಇದೆ. ಸೆಟ್ ಪೂರ್ತಿ ಸರಿಯಾಗುವವರೆಗೆ ಬೆಲೆಬಾಳುವ ಕ್ಯಾಸೆಟ್ ಅದರೊಳಗೆ ಹೋಗಬಾರದು. ಪರೀಕ್ಷೆಗೆ ಹಾಳಾದರೂ ಪರವಾಗಿಲ್ಲ ಅನ್ನುವಂಥ ಎರಡು ಕ್ಯಾಸೆಟ್ ಇಟ್ಟುಕೊಳ್ಳಿ. ಒಳ್ಳೆಯ ಕ್ಯಾಸೆಟ್ಟುಗಳ ಹಿಂಬದಿಯ ಮೂಲೆಯಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಪಟ್ಟಿಗಳನ್ನು ಈಗಲೇ ಮುರಿದುಬಿಡಿ. ಅವು ಇಲ್ಲದಿದ್ದರೆ ರೆಕಾರ್ಡ್ ಬಟನ್ ಕೆಳಗಿಳಿಯುವುದಿಲ್ಲ, ಕೈತಪ್ಪಿ ಅಳಿಸುವ ಭಯ ಇರುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳುತ್ತೇನೆ. ನಲವತ್ತು ವರ್ಷದ ಹಳೆ ಸೆಟ್ ಕೆಟ್ಟಿದೆ ಅಂದ ತಕ್ಷಣ ಐಸಿ ಹೋಗಿರಬೇಕು ಅಂದುಕೊಳ್ಳುತ್ತೇವೆ. ನಾನು ಬಿಚ್ಚಿದ ಸೆಟ್ಟುಗಳಲ್ಲಿ ಕೆಟ್ಟಿದ್ದು ಹೆಚ್ಚಾಗಿ ರಬ್ಬರ್, ಒಣಗಿದ ಗ್ರೀಸ್, ಕಪ್ಪಾದ ಸ್ವಿಚ್. ಇವು ಮೂರೂ ಮುಗಿಯುವವರೆಗೆ ಸೋಲ್ಡರಿಂಗ್ ಐರನ್ ಬಿಸಿ ಮಾಡುವುದೇ ಬೇಡ.

ಕರೆಂಟ್ ಕೊಡುವ ಮೊದಲು

ಹಿಂದಿನ ಮುಚ್ಚಳ ತೆಗೆದು ಶೆಲ್ಲಿನ ಗೂಡು ನೋಡಿ. ಒಳಗೆ ಶೆಲ್ಲು ಬಿಟ್ಟಿದ್ದರೆ ಅದು ಸೋರಿರುತ್ತದೆ. ಆಲ್ಕಲೈನ್ ಶೆಲ್ಲು ಸೋರಿದರೆ ಬಿಳಿ ಪುಡಿ ಕೂತಿರುತ್ತದೆ, ಅದಕ್ಕೆ ನಿಂಬೆರಸ ಅಥವಾ ವಿನೆಗರ್ ಸಾಕು. ಮಾಮೂಲಿ ಜಿಂಕ್ ಶೆಲ್ಲು ಸೋರಿ ಕಂದು ತುಕ್ಕು ಹಿಡಿದಿದ್ದರೆ ಸ್ವಲ್ಪ ಅಡುಗೆ ಸೋಡಾ ಕಲಸಿದ ನೀರು. ಇಯರ್ ಬಡ್ ಅದ್ದಿ ಒರೆಸಿ, ಆಮೇಲೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಸ್ಪ್ರಿಂಗು ಕಪ್ಪಾಗಿದ್ದರೆ ಎಮರಿ ಪೇಪರಿನಲ್ಲಿ ಹೊಳಪು ಬರುವವರೆಗೆ ಉಜ್ಜಿ.

ಗಲ್ಫ್ ಸೆಟ್ಟುಗಳ ಹಿಂದೆ ಅಥವಾ ಶೆಲ್ಲಿನ ಗೂಡಿನೊಳಗೆ 110 ಮತ್ತು 220 ಅಂತ ಬರೆದ ಒಂದು ಪುಟ್ಟ ಸ್ವಿಚ್ ಇರುತ್ತದೆ. ಅದು 220ರಲ್ಲೇ ಇದೆಯಾ ಅಂತ ಕಣ್ಣಾರೆ ನೋಡಿ. ಜಪಾನಿನೊಳಗೇ ಮಾರಿದ ಸೆಟ್ ಆದರೆ ಅದು 100 ವೋಲ್ಟಿನದು. ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ನಾನು ಮೊದಲ ಪರೀಕ್ಷೆಯನ್ನು ಯಾವಾಗಲೂ ಶೆಲ್ಲಿನಲ್ಲೇ ಮಾಡುತ್ತೇನೆ. ಶಾಕ್ ಹೊಡೆಯುವುದಿಲ್ಲ, ತಪ್ಪಾದರೂ ಹೊಗೆ ಬರುವ ಸಾಧ್ಯತೆ ಕಡಿಮೆ. ಕರೆಂಟ್ ಹಾಕಲೇಬೇಕಾದರೆ 60 ವಾಟಿನ ಹಳೆ ಕಾಲದ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಸೆಟ್ಟಿಗೆ ಹೋಗುವ ಹಾಗೆ ಸೇರಿಸಿ. ಬಲ್ಬು ಮಂದವಾಗಿ ಉರಿದರೆ ಅಥವಾ ಉರಿಯದೇ ಇದ್ದರೆ ಸರಿ. ಪೂರ್ತಿ ಬೆಳಕು ಬಂದರೆ ಒಳಗೆ ಶಾರ್ಟ್ ಇದೆ, ತಕ್ಷಣ ತೆಗೆಯಿರಿ. ಒಂದು ಎಚ್ಚರಿಕೆ: ತುಂಬ ಸೆಟ್ಟುಗಳಲ್ಲಿ ಸ್ವಿಚ್ ಆಫ್ ಮಾಡಿದರೂ ಟ್ರಾನ್ಸ್‌ಫಾರ್ಮರಿಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಮುಚ್ಚಳ ಬಿಚ್ಚಿದ್ದರೆ ಪ್ಲಗ್ಗನ್ನೇ ಕಿತ್ತಿರಬೇಕು.

ಬಿಚ್ಚುವ ಮೊದಲು ಕೇಳಿ

ಟೂ ಇನ್ ಒನ್ ಅಂದರೆ ಎರಡು ಯಂತ್ರ, ಒಂದೇ ಆಂಪ್ಲಿಫಯರ್. ಇದೊಂದು ನಮಗೆ ದೊಡ್ಡ ಅನುಕೂಲ. ರೇಡಿಯೋ ಹಾಕಿ. ಸದ್ದು ಚೆನ್ನಾಗಿ ಬಂದರೆ ಪವರ್, ಆಂಪ್ಲಿಫಯರ್, ವಾಲ್ಯೂಮ್, ಸ್ಪೀಕರ್ ಎಲ್ಲ ಸರಿ ಇವೆ ಅಂತಾಯಿತು. ಒಂದೇ ನಿಮಿಷದಲ್ಲಿ ಅರ್ಧ ಸೆಟ್ಟನ್ನು ಅನುಮಾನದಿಂದ ಹೊರಗೆ ಹಾಕಿದ ಹಾಗೆ. ಟೇಪ್ ಚೆನ್ನಾಗಿದ್ದು ರೇಡಿಯೋ ಮಾತ್ರ ಇಲ್ಲ ಅಂದರೆ ದೋಷ ರೇಡಿಯೋ ಭಾಗದಲ್ಲೇ ಇದೆ. ಎರಡರಲ್ಲೂ ಒಂದೇ ಥರ ಕರಕರ ಬಂದರೆ ದೋಷ ಎರಡಕ್ಕೂ ಸೇರಿದ ಜಾಗದಲ್ಲಿದೆ, ಮೊದಲ ಅನುಮಾನ ವಾಲ್ಯೂಮ್ ಕಂಟ್ರೋಲಿನ ಮೇಲೆ.

ಎರಡೂ ಸತ್ತಿದ್ದರೆ? ಕರೆಂಟಿನಲ್ಲಿ ಓಡುತ್ತದೆ, ಶೆಲ್ಲಿನಲ್ಲಿ ಇಲ್ಲ ಅಂದರೆ ವೈರ್ ಚುಚ್ಚುವ ಸಾಕೆಟ್ ನೋಡಿ. ಅದರೊಳಗೆ ಒಂದು ಪುಟ್ಟ ಲೋಹದ ಪಟ್ಟಿ ಇರುತ್ತದೆ. ವೈರ್ ಚುಚ್ಚಿದಾಗ ಶೆಲ್ಲಿನ ದಾರಿಯನ್ನು ಅದು ಕಡಿಯುತ್ತದೆ, ತೆಗೆದಾಗ ಮತ್ತೆ ಸೇರಿಸಬೇಕು. ಕಪ್ಪಾದರೆ ಸೇರುವುದಿಲ್ಲ. ಸ್ಪೀಕರ್ ಸದ್ದಿಲ್ಲ, ಇಯರ್‌ಫೋನಿನಲ್ಲಿ ಮಾತ್ರ ಇದೆ ಅನ್ನುವುದೂ ಇದೇ ಕಾಯಿಲೆ, ಸಾಕೆಟ್ ಮಾತ್ರ ಬೇರೆ. ಇಯರ್‌ಫೋನ್ ಪಿನ್ನನ್ನು ಇಪ್ಪತ್ತು ಸಲ ಹಾಕಿ ತೆಗೆದರೆ ಎಷ್ಟೋ ಸಲ ಸ್ಪೀಕರ್ ವಾಪಸ್ ಬರುತ್ತದೆ.

ದೊಡ್ಡಮ್ಮನ ಸೆಟ್ಟಿನಲ್ಲಿ ರೇಡಿಯೋ ಸರಿ ಇತ್ತು. ಟೇಪ್ ಒತ್ತಿದರೆ ಮೋಟಾರ್ ಸದ್ದು ಬರುತ್ತಿತ್ತು, ಪರೀಕ್ಷೆಯ ಕ್ಯಾಸೆಟ್ ನಿಧಾನಕ್ಕೆ ತಿರುಗುತ್ತಿತ್ತು. ಹಾಡು ತೂಗಾಡುತ್ತಿತ್ತು, ಉಯ್ಯಾಲೆಯಲ್ಲಿ ಕೂತು ಹಾಡಿದ ಹಾಗೆ. ಮೂರನೇ ನಿಮಿಷಕ್ಕೆ ಟೇಪ್ ಸುತ್ತಿಕೊಂಡಿತು.

ಒಂದು ವೇಳೆ ರೇಡಿಯೋ ಸರಿ ಇದ್ದು, ಪ್ಲೇ ಒತ್ತಿದರೆ ಮೋಟಾರ್ ಸದ್ದೂ ಇಲ್ಲ ಅಂದರೆ ಮೋಟಾರ್ ಸುಟ್ಟಿದೆ ಅಂದುಕೊಳ್ಳಬೇಡಿ. ಬಟನ್ನುಗಳ ಕೆಳಗೆ ಎರಡು ತೆಳು ತಾಮ್ರದ ಎಲೆಗಳಿರುವ ಸ್ವಿಚ್ ಇರುತ್ತದೆ. ಬಟನ್ ಒತ್ತಿದಾಗ ಅವು ಒಂದಕ್ಕೊಂದು ತಾಗಬೇಕು. ಐಪಿಎ ಅನ್ನುವ ಆಲ್ಕೋಹಾಲ್ ಹಚ್ಚಿದ ಕಾಗದದ ತುಂಡನ್ನು ಎಲೆಗಳ ನಡುವೆ ಇಟ್ಟು, ಬೆರಳಲ್ಲಿ ಮೆಲ್ಲಗೆ ಒತ್ತಿ ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬರುತ್ತದೆ. ಗೆರೆ ಬರುವುದು ನಿಂತಾಗ ಮೋಟಾರ್ ತಿರುಗುತ್ತದೆ.

ಬಿಚ್ಚುವುದು

ಐಪಿಎ ಅಂದೆನಲ್ಲ, ಅದು ಐಸೊಪ್ರೊಪೈಲ್ ಆಲ್ಕೋಹಾಲ್. ಬೆಂಗಳೂರಾದರೆ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ, ಬೇರೆ ಊರಾದರೆ ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ. ಪೆಟ್ರೋಲ್ ಬೇಡ. ಕೆಲವರು ಎಲ್ಲವನ್ನೂ ಅದರಲ್ಲೇ ತೊಳೆಯುತ್ತಾರೆ, ಆದರೆ ಹಳೆ ಪ್ಲಾಸ್ಟಿಕ್ ಅದರಿಂದ ಬಿರಿಯುತ್ತದೆ.

ಹಿಂಬದಿಯಲ್ಲಿ ಆರೋ ಎಂಟೋ ಸ್ಕ್ರೂ ಇರುತ್ತವೆ. ಎಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ್ದನ್ನು ಗಿಡ್ಡದ್ದರ ಜಾಗಕ್ಕೆ ಹಾಕಿದರೆ ಮುಂದಿನ ಪ್ಲಾಸ್ಟಿಕ್ ತೂತಾಗುತ್ತದೆ. ರಟ್ಟಿನ ಮೇಲೆ ಸೆಟ್ಟಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಯದೋ ಅಲ್ಲೇ ಚುಚ್ಚಿಡಿ. ಒಂದೋ ಎರಡೋ ಸ್ಕ್ರೂ ಶೆಲ್ಲಿನ ಗೂಡಿನೊಳಗೆ ಅಡಗಿರುತ್ತವೆ. ಕವರು ಬರದಿದ್ದರೆ ಎಳೆಯಬೇಡಿ, ಎಲ್ಲೋ ಒಂದು ಉಳಿದಿದೆ. ಬಿಟ್ಟ ಮೇಲೂ ಪೂರ್ತಿ ಎತ್ತಬೇಡಿ. ಆಂಟೆನಾದ ಒಂದು ವೈರ್, ಶೆಲ್ಲಿನ ಎರಡು ವೈರ್ ಕವರಿಗೆ ಅಂಟಿಕೊಂಡಿರುತ್ತವೆ. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ದೊಡ್ಡಮ್ಮನ ಸೆಟ್ಟನ್ನು ನಾನು ಜಗಲಿಯ ಚಾಪೆಯ ಮೇಲೆ ಬಿಚ್ಚಿದೆ. ಒಳಗೆ ಜೇಡರ ಬಲೆ, ಒಂದು ಹಲ್ಲಿ ಮೊಟ್ಟೆಯ ಸಿಪ್ಪೆ, ಸಮುದ್ರದ ಉಪ್ಪುಗಾಳಿಗೆ ಮಬ್ಬಾದ ಟ್ರಾನ್ಸ್‌ಫಾರ್ಮರ್. ಬಣ್ಣ ಹಚ್ಚುವ ಒಣ ಬ್ರಷ್ಷಿನಲ್ಲಿ ಧೂಳು ತೆಗೆದೆ. ಟೇಪ್ ಭಾಗ ನಾಲ್ಕು ಸ್ಕ್ರೂಗಳಲ್ಲಿ ಕೂತಿರುತ್ತದೆ. ಅದನ್ನು ತಿರುವಿದರೆ ಫ್ಲೈವೀಲ್ ಅನ್ನುವ ಹಿತ್ತಾಳೆ ಬಣ್ಣದ ಭಾರದ ಗಾಲಿ, ಮೋಟಾರ್, ಅವುಗಳಿಗೆ ಸುತ್ತಿದ ಬೆಲ್ಟು ಕಾಣುತ್ತವೆ.

ಬೆಲ್ಟು

ಇಲ್ಲಿ ಎರಡು ಥರ ನೋಡಸಿಗುತ್ತದೆ. ಒಂದು, ಬೆಲ್ಟು ಕರಗಿ ಟಾರಿನ ಹಾಗೆ ಆಗಿರುತ್ತದೆ. ಬೆರಳು ತಾಗಿದರೆ ಮೂರು ದಿನ ಹೋಗುವುದಿಲ್ಲ, ಅಂಗಿಗೆ ತಾಗಿದರೆ ಅಂಗಿ ಹೋಯಿತು. ಹಳೆ ಪಂಚೆ ಉಟ್ಟುಕೊಂಡು ಕೂರುವುದೇ ಒಳ್ಳೆಯದು. ಈ ಟಾರನ್ನು ಹಲ್ಲುಕಡ್ಡಿಯಲ್ಲಿ ಕೆರೆದು, ಉಳಿದದ್ದನ್ನು ಐಪಿಎ ಹಾಕಿದ ಇಯರ್ ಬಡ್ಡಿನಲ್ಲಿ ಒರೆಸಬೇಕು. ಮೋಟಾರಿನ ಪುಟ್ಟ ಗಾಲಿಯ ಗೀಟಿನಲ್ಲಿ ಸಾಸಿವೆಯಷ್ಟು ಉಳಿದರೂ ಹೊಸ ಬೆಲ್ಟು ಪ್ರತಿ ಸುತ್ತಿಗೂ ಎಗರುತ್ತದೆ.

ಇನ್ನೊಂದು, ಬೆಲ್ಟು ನೋಡಲು ಚೆನ್ನಾಗೇ ಇರುತ್ತದೆ, ಆದರೆ ಸಡಿಲ. ದೊಡ್ಡಮ್ಮನದು ಇದೇ. ಬೆರಳಲ್ಲಿ ಎತ್ತಿದರೆ ಬೆಲ್ಟು ನಿಧಾನಕ್ಕೆ ವಾಪಸ್ ಹೋಯಿತು. ಒಳ್ಳೆ ಬೆಲ್ಟು ಪಟ್ ಅಂತ ಹೋಗಬೇಕು. ತೆಗೆದು ಮೇಜಿನ ಮೇಲೆ ಇಟ್ಟಾಗ ಅದು ಗುಂಡಗಾಗಲಿಲ್ಲ, ಒಳಗೆ ಕೂತಿದ್ದ ಮೊಟ್ಟೆಯಾಕಾರದಲ್ಲೇ ಉಳಿಯಿತು. ಇಷ್ಟು ಸಾಕು, ಅದು ಮುಗಿದಿದೆ.

ಹೊಸ ಬೆಲ್ಟಿನ ಅಳತೆಗೆ ಹೊಲಿಗೆ ದಾರ ಬೇಕು. ಬೆಲ್ಟು ಓಡುವ ದಾರಿಯಲ್ಲೇ ದಾರ ಸುತ್ತಿ, ಉದ್ದ ಅಳೆದು, ಅದರಲ್ಲಿ ನೂರಕ್ಕೆ ಐದರಿಂದ ಎಂಟರಷ್ಟು ಕಳೆಯಿರಿ. ದಾರ 250 ಮಿಲಿಮೀಟರ್ ಬಂದರೆ ಬೆಲ್ಟಿನ ಸುತ್ತಳತೆ ಸುಮಾರು 235. ಜಾಸ್ತಿ ಬಿಗಿಯಾದರೂ ಕಷ್ಟ. ಮೋಟಾರಿನ ಬುಷ್ ಸವೆಯುತ್ತದೆ, ಶೆಲ್ಲು ಬೇಗ ಖಾಲಿಯಾಗುತ್ತದೆ. ಹಣದ ಕಟ್ಟಿಗೆ ಹಾಕುವ ರಬ್ಬರ್ ಬ್ಯಾಂಡ್ ಹಾಕಿ ನೋಡೋಣ ಅನ್ನಿಸುತ್ತದೆ, ಅಲ್ವಾ? ಮೋಟಾರ್ ತಿರುಗುತ್ತದಾ ಅಂತ ನೋಡಲು ಐದು ನಿಮಿಷಕ್ಕೆ ಸರಿ. ಅದರ ದಪ್ಪ ಒಂದೇ ಸಮ ಇರುವುದಿಲ್ಲ, ಹಾಡು ನಡುಗುತ್ತದೆ.

ಬೆಲ್ಟು ತೆಗೆದಿರುವಾಗಲೇ ಫ್ಲೈವೀಲನ್ನು ಬೆರಳಲ್ಲಿ ತಿರುಗಿಸಿ ಬಿಡಿ. ತುಸು ಹೊತ್ತು ತಾನೇ ಓಡಬೇಕು. ತಕ್ಷಣ ನಿಂತರೆ ಎಣ್ಣೆ ಒಣಗಿ ಅಂಟಾಗಿದೆ. ಕ್ಯಾಪ್‌ಸ್ಟನ್, ಅಂದರೆ ಫ್ಲೈವೀಲಿನ ಮಧ್ಯದ ಸಪುರ ಉಕ್ಕಿನ ಕಡ್ಡಿಯನ್ನು ಹೊರಗೆಳೆದು ಐಪಿಎಯಲ್ಲಿ ಒರೆಸಿ. ಹೊಲಿಗೆ ಮಷಿನ್ನಿನ ಎಣ್ಣೆ ಸೂಜಿ ತುದಿಯಲ್ಲಿ ಒಂದೇ ತೊಟ್ಟು ಹಾಕಿ. ನಮ್ಮ ಕಡೆ ಕೈಗೆ ಸಿಗುವುದು ತೆಂಗಿನೆಣ್ಣೆ. ಅದನ್ನು ದಯವಿಟ್ಟು ಹಾಕಬೇಡಿ. ಆರು ತಿಂಗಳಲ್ಲಿ ಅದು ಮೇಣವಾಗಿ ಕೂರುತ್ತದೆ. ಟೇಪ್ ತಾಗುವ ಕಡ್ಡಿಯ ಭಾಗಕ್ಕೆ ಎಣ್ಣೆಯ ಪಸೆಯೂ ಇರಬಾರದು.

ತೂಗಾಟವನ್ನು ಎಣಿಸಿ

ಹೊಸ ಬೆಲ್ಟು ಹಾಕಿದ ಮೇಲೂ ಹಾಡು ಸ್ವಲ್ಪ ತೂಗುತ್ತಿತ್ತು. ಇಲ್ಲಿ ಒಂದು ಲೆಕ್ಕ ತುಂಬ ಸಹಾಯಕ್ಕೆ ಬರುತ್ತದೆ. ಕ್ಯಾಸೆಟ್ ಟೇಪ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. 1963ರಲ್ಲಿ ಫಿಲಿಪ್ಸ್ ಈ ಕ್ಯಾಸೆಟ್ ತಂದಾಗಿನಿಂದ ಇದೇ ವೇಗ. ಒಳಗಿರುವ ಪ್ರತಿ ಗಾಲಿಯೂ ತನ್ನ ಅಳತೆಗೆ ತಕ್ಕ ಹಾಗೆ ಸುತ್ತುತ್ತದೆ. ಯಾವ ಗಾಲಿಯಲ್ಲಿ ಕೊರತೆ ಇದೆಯೋ ಅದರ ಸುತ್ತಿಗೆ ಸರಿಯಾಗಿ ಹಾಡು ತೂಗುತ್ತದೆ.

ಪಿಂಚ್ ರೋಲರ್, ಅಂದರೆ ಟೇಪನ್ನು ಕ್ಯಾಪ್‌ಸ್ಟನ್ನಿಗೆ ಒತ್ತುವ ಕಪ್ಪು ರಬ್ಬರ್ ಗಾಲಿ, ಸುಮಾರು 12 ಮಿಲಿಮೀಟರ್ ವ್ಯಾಸ ಇರುತ್ತದೆ. ಸುತ್ತಳತೆ 38 ಮಿಲಿಮೀಟರ್ ಹತ್ತಿರ. ಹಾಗಾಗಿ ಸೆಕೆಂಡಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸುತ್ತು. ಕ್ಯಾಪ್‌ಸ್ಟನ್ ಎರಡರಿಂದ ಎರಡೂವರೆ ಮಿಲಿಮೀಟರ್ ದಪ್ಪ, ಸೆಕೆಂಡಿಗೆ ಆರೇಳು ಸುತ್ತು. ಕ್ಯಾಸೆಟ್ಟಿನ ರೀಲು ಒಂದೂವರೆಯಿಂದ ಮೂರೂವರೆ ಸೆಕೆಂಡಿಗೆ ಒಂದು ಸುತ್ತು, ತುಂಬಿದಷ್ಟೂ ನಿಧಾನ. ಹಾಗಾದರೆ ಹಾಡು ಬೇಗ ಬೇಗ ನಡುಗಿದರೆ ಕ್ಯಾಪ್‌ಸ್ಟನ್, ಬೆಲ್ಟು ಅಥವಾ ಮೋಟಾರ್. ಎರಡು ಮೂರು ಸೆಕೆಂಡಿಗೊಮ್ಮೆ ತೂಗಿದರೆ ರೀಲು ಅಥವಾ ಕ್ಯಾಸೆಟ್ಟೇ ಬಿಗಿ, ಬೇರೆ ಕ್ಯಾಸೆಟ್ ಹಾಕಿ ನೋಡಿ. ಸೆಕೆಂಡಿಗೊಂದು ಲೆಕ್ಕದಲ್ಲಿ ತೂಗಿದರೆ ಪಿಂಚ್ ರೋಲರ್. ಒಂದೇ ಸ್ವರ ಎಳೆಯುವ ಹಾಡು ಹಾಕಿ, ಗಡಿಯಾರ ನೋಡುತ್ತಾ ಹತ್ತು ಸೆಕೆಂಡಿಗೆ ಎಷ್ಟು ಸಲ ಅಂತ ಎಣಿಸಿ.

ನನಗೆ ಹತ್ತು ಸೆಕೆಂಡಿಗೆ ಹನ್ನೆರಡು ಬಂತು. ಪಿಂಚ್ ರೋಲರ್ ನೋಡಿದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಮಧ್ಯದಲ್ಲಿ ಟೇಪಿನ ಅಗಲಕ್ಕೆ ಕಂದು ಪಟ್ಟೆ. ರಬ್ಬರಿನ ಗಾಲಿ ಹೊಳೆಯಬಾರದು. ಐಪಿಎಯಲ್ಲಿ ಒರೆಸಿದೆ, ಎಂಟು ಇಯರ್ ಬಡ್ ಕಂದಾಯಿತು, ಒಂಬತ್ತನೆಯದು ಬೆಳ್ಳಗೆ ಬಂತು. ಆಮೇಲೆ 400 ನಂಬರಿನ ಎಮರಿ ಪೇಪರ್ ತುಂಡನ್ನು ತಾಗಿಸಿ ಹಿಡಿದು ಗಾಲಿಯನ್ನು ಬೆರಳಲ್ಲಿ ಸುತ್ತಿಸಿದೆ. ಹೊಳಪು ಹೋಗಿ ಮಸುಕು ಕಪ್ಪು ಬಂದಾಗ ನಿಲ್ಲಿಸಬೇಕು. ಎಮರಿಯ ಪುಡಿ ಒಂದು ಕಾಳೂ ಉಳಿಯದ ಹಾಗೆ ಮತ್ತೊಮ್ಮೆ ಒರೆಸಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಈ ಕೆಲಸ ಬೇಡ, ಅದೇ ಅಳತೆಯ ಬೇರೆ ಗಾಲಿ ಹುಡುಕಿ.

ಟೇಪ್ ಸುತ್ತಿಕೊಳ್ಳುವುದು

ಟೇಪನ್ನು ಎಳೆದು ತರುವುದು ಕ್ಯಾಪ್‌ಸ್ಟನ್. ಬಂದ ಟೇಪನ್ನು ಸುತ್ತಿಕೊಳ್ಳುವುದು ಬಲಗಡೆಯ ರೀಲು. ಬಲಗಡೆ ಸುಸ್ತಾದರೆ ಟೇಪ್ ಹೊರಗೆ ಚೆಲ್ಲಿ ಪಿಂಚ್ ರೋಲರಿಗೆ ಸುತ್ತುತ್ತದೆ. ಜನ 'ಹೆಡ್ ಟೇಪ್ ತಿಂತು' ಅಂತಾರೆ. ಹೆಡ್ ಅಂದರೆ ಟೇಪಿನಿಂದ ಸದ್ದು ಓದುವ ತುಂಡು, ಅದರ ತಪ್ಪು ಏನೂ ಇಲ್ಲ.

ಕ್ಯಾಸೆಟ್ ಹಾಕದೇ ಪ್ಲೇ ಒತ್ತಿ. ತಿರುಗುವ ಬಲಗಡೆಯ ಮೊಳೆಯನ್ನು ಎರಡು ಬೆರಳಲ್ಲಿ ಮೃದುವಾಗಿ ಹಿಡಿಯಿರಿ. ಹಿಡಿದರೆ ನಿಲ್ಲಬೇಕು, ಆದರೆ ಬೆರಳನ್ನು ಎಳೆಯುತ್ತಲೇ ಇರಬೇಕು. ಬಿಟ್ಟ ತಕ್ಷಣ ಓಡಬೇಕು. ಮುಟ್ಟಿದ ಕೂಡಲೇ ಸತ್ತ ಹಾಗೆ ನಿಂತರೆ ಅದಕ್ಕೆ ತಿರುಗು ಕೊಡುವ ಪುಟ್ಟ ಬೆಲ್ಟು ಅಥವಾ ಐಡ್ಲರ್ ಗಾಲಿಯ ರಬ್ಬರ್ ಜಾರುತ್ತಿದೆ. ದೊಡ್ಡಮ್ಮನ ಸೆಟ್ಟಿನಲ್ಲಿ ಎರಡನೇ ಪುಟ್ಟ ಬೆಲ್ಟು ಬದಲಿಸಿದ ಮೇಲೆ ಇದು ಸರಿಹೋಯಿತು.

ಕ್ಯಾಸೆಟ್ಟಿನ ಕಡೆಯೂ ಗಮನ ಇರಲಿ. ಕರಾವಳಿಯ ಮಳೆಗಾಲದಲ್ಲಿ ಟೇಪಿಗೆ ಬೂಸಲು ಹಿಡಿಯುತ್ತದೆ. ಕಿಟಕಿಯಿಂದ ನೋಡಿದರೆ ಕಂದು ಸುರುಳಿಯ ಮೇಲೆ ಬಿಳಿ ಚುಕ್ಕೆ ಕಾಣುತ್ತದೆ. ಅಂಥದ್ದನ್ನು ಹಾಗೇ ಹಾಕಿದರೆ ಪದರಗಳು ಅಂಟಿ ಟೇಪ್ ಹರಿಯಬಹುದು, ಹೆಡ್ಡೂ ಗಲೀಜು. ಸ್ಕ್ರೂ ಇರುವ ಡಬ್ಬಿಯಾದರೆ ಬಿಚ್ಚಿ, ಒಣ ಬಿಸಿಲಿನ ದಿನ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಹತ್ತಿ ಬಟ್ಟೆಯ ನಡುವೆ ಟೇಪ್ ಹಾಯಿಸುತ್ತಾ ಪೆನ್ಸಿಲಿನಲ್ಲಿ ಸುತ್ತಿ. ದೊಡ್ಡ ಕೆಲಸ, ಒಂದು ಕ್ಯಾಸೆಟ್ಟಿಗೆ ಅರ್ಧ ದಿನ ಹೋಗುತ್ತದೆ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಬಟ್ಟೆಯ ತುಂಡು ಉದುರಿದ್ದರೆ ಸದ್ದು ಕಿವಿಗೆ ಹತ್ತಿ ಇಟ್ಟ ಹಾಗೆ ಕೇಳುತ್ತದೆ. ಇನ್ನೊಂದು ಒಳ್ಳೆ ಡಬ್ಬಿಗೆ ರೀಲುಗಳನ್ನು ವರ್ಗಾಯಿಸುವುದೇ ಅದಕ್ಕೆ ದಾರಿ.

ವೇಗ

ಈಗ ತೂಗಾಟ ಹೋಯಿತು, ಆದರೆ ಹಾಡುವವರೆಲ್ಲ ಮಕ್ಕಳ ದನಿಯಲ್ಲಿ ಹಾಡತೊಡಗಿದರು. ಕಾರಣ ಮೋಟಾರಿನ ಹಿಂದೆ ಇತ್ತು. ಅಲ್ಲಿ ಒಂದು ಪುಟ್ಟ ತೂತು, ಒಳಗೆ ವೇಗ ಬದಲಿಸುವ ಸ್ಕ್ರೂ. ತೂತಿಗೆ ಅಂಟಿಸಿದ್ದ ಕಾಗದ ಹರಿದಿತ್ತು. ಹಿಂದೆ ಯಾವಾಗಲೋ ಬೆಲ್ಟು ಸಡಿಲವಾದಾಗ, ಬೆಲ್ಟು ಬದಲಿಸದೇ ಯಾರೋ ಈ ಸ್ಕ್ರೂ ತಿರುಗಿಸಿ ವೇಗ ಏರಿಸಿದ್ದರು. ಹೊಸ ಬೆಲ್ಟು ಬಂದಾಗ ಆ ಹೆಚ್ಚುವರಿ ವೇಗ ಪೂರ್ತಿ ಹೊರಗೆ ಬಂತು. ಆದ್ದರಿಂದ ರಬ್ಬರಿನ ಕೆಲಸ ಮುಗಿಯುವವರೆಗೆ ಈ ಸ್ಕ್ರೂ ಮುಟ್ಟಬೇಡಿ.

ವೇಗ ಅಳೆಯಲು ಯಂತ್ರ ಬೇಡ, ಬಡಗಿಯ ಅಳತೆ ಟೇಪ್ ಸಾಕು. ಹಾಡು ತುಂಬಿದ ಹಾಳು ಕ್ಯಾಸೆಟ್ಟಿನಿಂದ ಟೇಪನ್ನು ನೆಲದ ಮೇಲೆ ಎಳೆಯಿರಿ. ಒಂದು ಜಾಗಕ್ಕೆ ಸ್ಪೀಕರ್ ಮ್ಯಾಗ್ನೆಟ್ಟಿನ ಮೂಲೆ ಮುಟ್ಟಿಸಿ. ಅಲ್ಲಿಂದ ಸರಿಯಾಗಿ 4 ಮೀಟರ್ 76 ಸೆಂಟಿಮೀಟರ್ ಅಳೆದು ಇನ್ನೊಂದು ಕಡೆ ಮುಟ್ಟಿಸಿ. ಪೆನ್ಸಿಲಿನಲ್ಲಿ ವಾಪಸ್ ಸುತ್ತಿ ಹಾಕಿ. ಮ್ಯಾಗ್ನೆಟ್ ತಾಗಿದ ಜಾಗದಲ್ಲಿ ಹಾಡು ಕಡಿದು ಟಪ್ ಅಂತ ಸದ್ದು ಬರುತ್ತದೆ. ಎರಡು ಟಪ್ಪುಗಳ ನಡುವೆ ಸರಿಯಾಗಿ 100 ಸೆಕೆಂಡ್ ಆಗಬೇಕು. ಒಂದು ಸೆಕೆಂಡ್ ಕಡಿಮೆ ಅಂದರೆ ವೇಗ ನೂರಕ್ಕೆ ಒಂದು ಜಾಸ್ತಿ.

ನಮ್ಮದು 94 ಬಂತು. ಸುಮಾರು ನೂರಕ್ಕೆ ಆರು ಜಾಸ್ತಿ. ಸಂಗೀತದ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ ಅರ್ಧ ಸ್ವರ, ಹಾರ್ಮೋನಿಯಂನ ಕಪ್ಪು ಎರಡರ ಶ್ರುತಿ ಬಿಳಿ ಮೂರಕ್ಕೆ ಏರಿದ ಹಾಗೆ. ಸಪುರ ಸ್ಕ್ರೂಡ್ರೈವರ್ ಹಾಕಿ ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಅಳೆಯಿರಿ. ನಾಲ್ಕನೇ ಸಲಕ್ಕೆ 100 ಬಂತು. ಹೊಸ ಶೆಲ್ಲಿನಲ್ಲಿ ಒಮ್ಮೆ, ಕರೆಂಟಿನಲ್ಲಿ ಒಮ್ಮೆ ನೋಡಿ. ಎರಡರಲ್ಲೂ ಒಂದೇ ಬಂದರೆ ಮೋಟಾರ್ ಆರೋಗ್ಯವಾಗಿದೆ.

ರೆಕಾರ್ಡ್ ಸ್ವಿಚ್

ಪ್ಲೇ ಮಾಡುವಾಗ ಕಿರುಚುತ್ತದೆ, ಒಂದು ಸ್ಪೀಕರ್ ಬಂದು ಹೋಗುತ್ತದೆ, ತಟ್ಟಿದರೆ ಸರಿಯಾಗುತ್ತದೆ. ಇಷ್ಟಕ್ಕೂ ಒಂದೇ ಸ್ವಿಚ್ ಕಾರಣ ಆಗಿರಬಹುದು. ಬೋರ್ಡಿನ ಮೇಲೆ ಬೆರಳುದ್ದದ ಒಂದು ಜಾರುವ ಸ್ವಿಚ್ ಇರುತ್ತದೆ, ಎರಡು ಸಾಲು ಕಾಲುಗಳು. ರೆಕಾರ್ಡ್ ಬಟನ್ ಒತ್ತಿದಾಗ ಒಂದು ಲಿವರ್ ಅದನ್ನು ತಳ್ಳುತ್ತದೆ. ಹೆಡ್ಡಿನ ಸಂಪರ್ಕವನ್ನು ಪ್ಲೇಯಿಂದ ರೆಕಾರ್ಡಿಗೆ ತಿರುಗಿಸುವುದೇ ಇದು. ಅದರೊಳಗಿನ ಬೆಳ್ಳಿ ಲೇಪದ ಕಾಂಟ್ಯಾಕ್ಟುಗಳು ವರ್ಷಗಟ್ಟಲೆ ಒಂದೇ ಕಡೆ ನಿಂತು ಕಪ್ಪಾಗುತ್ತವೆ.

ಈ ಸ್ವಿಚ್ಚಿಗೆ ನಾನು ಇಷ್ಟು ಒತ್ತು ಕೊಡುವುದು ಕ್ಯಾಸೆಟ್ಟಿನ ಕಾರಣಕ್ಕೆ. ಇದು ಅರ್ಧದಲ್ಲಿ ಸಿಕ್ಕಿಕೊಂಡರೆ ಪ್ಲೇ ಮಾಡುವಾಗಲೇ ರೆಕಾರ್ಡ್ ಭಾಗ ಜೀವ ಪಡೆಯಬಹುದು, ಟೇಪಿನ ಮೇಲೆ ಸದ್ದು ಅಳಿಯಬಹುದು. ಪಟ್ಟಿ ಮುರಿದಿದ್ದರೆ ಬಟನ್ ಇಳಿಯುವುದಿಲ್ಲ ನಿಜ, ಆದರೆ ಸ್ವಿಚ್ಚೇ ವಾಪಸ್ ಬರದೇ ನಿಂತಿದ್ದರೆ ಪಟ್ಟಿಯಿಂದ ಉಪಯೋಗ ಇಲ್ಲ.

ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತನ್ನಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇರೆ, ಅದು ಪಸೆ ಬಿಡುತ್ತದೆ, ಧೂಳು ಹಿಡಿಯುತ್ತದೆ. ಕ್ಲೀನರಿನ ಸಪುರ ಕೊಳವೆಯನ್ನು ಸ್ವಿಚ್ಚಿನ ತುದಿಯ ಸಂದಿಗೆ ಇಟ್ಟು ಚಿಟಿಕೆ ಹೊತ್ತು ಒತ್ತಿ. ಸೆಟ್ ಆಫ್ ಇರಬೇಕು. ಸ್ವಿಚ್ಚನ್ನು ಬೆರಳಲ್ಲಿ ಮೂವತ್ತು ನಲವತ್ತು ಸಲ ಹಿಂದೆ ಮುಂದೆ ಜಾರಿಸಿ. ಕೊನೆಗೆ ಅದು ತನ್ನ ಸ್ಪ್ರಿಂಗಿನಲ್ಲೇ ಪೂರ್ತಿ ವಾಪಸ್ ಬರುತ್ತದಾ ನೋಡಿ. ಬ್ಯಾಂಡ್ ಸ್ವಿಚ್ಚು, ವಾಲ್ಯೂಮ್, ಟೋನ್ ಎಲ್ಲಕ್ಕೂ ಇದೇ ಮದ್ದು. ಹತ್ತು ನಿಮಿಷ ಆರಲು ಬಿಟ್ಟು ಕರೆಂಟ್ ಕೊಡಿ.

ಹೆಡ್ ಸ್ಕ್ರೂ

ಮೊದಲು ಹೆಡ್ ಒರೆಸಿ. ಕಂದು ಪುಡಿ ಕೂತಿದ್ದರೆ ಸದ್ದು ಮಂಕು. ಅಷ್ಟರಲ್ಲೇ ಎಷ್ಟೋ ಸೆಟ್ಟಿಗೆ ಜೀವ ಬರುತ್ತದೆ.

ಇನ್ನೂ ಮಂಕಾಗಿದ್ದರೆ ಹೆಡ್ಡಿನ ಒಂದು ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಕಾಣುತ್ತದೆ, ತಲೆಗೆ ಬಣ್ಣ ಹಚ್ಚಿರುತ್ತಾರೆ. ಅದನ್ನು ತಿರುಗಿಸಿದರೆ ಹೆಡ್ ಕೂದಲೆಳೆಯಷ್ಟು ಓರೆಯಾಗುತ್ತದೆ. ಹೆಡ್ಡಿನ ಸೀಳು ಟೇಪಿಗೆ ನೇರ ಅಡ್ಡ ನಿಂತಾಗ ಸಣ್ಣ ಸದ್ದುಗಳೆಲ್ಲ ತೆರೆದುಕೊಳ್ಳುತ್ತವೆ. ಕಂಪನಿಯ ಕ್ಯಾಸೆಟ್ ಹಾಕಿ ಅದಕ್ಕೆ ಹೊಂದಿಸಿ ಅಂತ ಎಲ್ಲರೂ ಹೇಳುತ್ತಾರೆ. ಸಾಮಾನ್ಯಕ್ಕೆ ಅದು ಸರಿ.

ಆದರೆ ದೊಡ್ಡಪ್ಪನ ಕ್ಯಾಸೆಟ್ಟುಗಳು ಈ ಸೆಟ್ಟಿನಲ್ಲೇ, ಈ ಹೆಡ್ಡಿನ ಓರೆಯಲ್ಲೇ ರೆಕಾರ್ಡ್ ಆದವು. ಹೆಡ್ 1985ರಲ್ಲಿ ಸ್ವಲ್ಪ ಓರೆ ಇದ್ದರೆ ಟೇಪಿನ ಮೇಲಿನ ಬರಹವೂ ಅಷ್ಟೇ ಓರೆ. ಕಂಪನಿ ಕ್ಯಾಸೆಟ್ಟಿಗೆ ಹೊಂದಿಸಿದರೆ ನಾವಡರ ದನಿ ಮಂಕಾಗುತ್ತದೆ. ಹಾಗಾಗಿ ಮನೆಯಲ್ಲಿ ರೆಕಾರ್ಡ್ ಮಾಡಿದ ಕ್ಯಾಸೆಟ್ ಇರುವವರು ಮುಟ್ಟುವ ಮೊದಲು ಆ ಸ್ಕ್ರೂ ಯಾವ ಕಡೆ ಮುಖ ಮಾಡಿದೆ ಅಂತ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸೂಜಿಯಿಂದ ಗೀರು ಹಾಕಿ.

ಎಲ್ಲ ಪರೀಕ್ಷೆ ಮುಗಿದ ಮೇಲೆ, ಹಾಳು ಕ್ಯಾಸೆಟ್ ಎರಡೂ ಬದಿ ಒಂದು ತೊಂದರೆಯಿಲ್ಲದೆ ಓಡಿದ ಮೇಲೆ, ಡಬ್ಬದಿಂದ ಒಂದು ಕ್ಯಾಸೆಟ್ ತೆಗೆದೆವು. 'ನಾವಡರು' ಅಲ್ಲ, ಬರೀ ಚಂಡೆಯ ಪೀಠಿಕೆ ಇರುವ ಇನ್ನೊಂದು. ಮೊದಲೇ ತೆಗೆದ ಫೋಟೋ ನೋಡಿಕೊಂಡು ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಆಚೆ ಈಚೆ ಆಡಿಸಿದೆ. ಚಂಡೆಯ ಪೆಟ್ಟಿನಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ಭಾಗವತರ ಕೈಯ ತಾಳದಲ್ಲಿ ಗೊತ್ತಾಯಿತು. ಒಂದು ಕಡೆ ಅದು ತಗಡು ತಟ್ಟಿದ ಹಾಗೆ, ಇನ್ನೊಂದು ಕಡೆ ಮಣ್ಣಿಗೆ ಬಿದ್ದ ಹಾಗೆ. ನಡುವೆ ಒಂದು ಜಾಗದಲ್ಲಿ ಟಿಣ್ ಅಂದು, ಆಮೇಲೆ ಅದರ ಗುಂಗು ಉಳಿಯಿತು. ಅಲ್ಲೇ ನಿಲ್ಲಿಸಿದೆ. ಹಳೆ ಗೀರಿನಿಂದ ಅರ್ಧ ಅಕ್ಕಿಕಾಳಿನಷ್ಟೂ ದೂರ ಇರಲಿಲ್ಲ. ಉಗುರಿನ ಬಣ್ಣ ಒಂದು ಚುಕ್ಕೆ ಹಚ್ಚಿ ಸ್ಕ್ರೂ ಗಟ್ಟಿ ಮಾಡಿದೆ.

ರೇಡಿಯೋ, ಗುಂಯ್ ಸದ್ದು

ರೇಡಿಯೋ ಭಾಗದಲ್ಲಿ ನಿಜವಾದ ದೋಷಕ್ಕಿಂತ ದೋಷ ಅನ್ನಿಸುವುದೇ ಜಾಸ್ತಿ. ಮುಳ್ಳು ಓಡುವುದಿಲ್ಲ ಅಂದರೆ ಡಯಲ್ ದಾರ ಜಾರಿದೆ. ಜಪಾನ್ ಪೇಟೆಯ ಸೆಟ್ ಆದರೆ ಎಫ್‌ಎಂ 76ರಿಂದ 90ರವರೆಗೆ ಮಾತ್ರ. ನಮ್ಮ ಎಫ್‌ಎಂ 88ರಿಂದ 108, ಹಾಗಾಗಿ ಸ್ಟೇಷನ್ ಸಿಗದಿದ್ದರೆ ಅದು ಕೆಟ್ಟಿಲ್ಲ. ಮೀಡಿಯಂ ವೇವಿನಲ್ಲಿ ಬೆಂಗಳೂರು 612, ಧಾರವಾಡ 765 ಅಂತ ಹಳೆಯವರಿಗೆ ಬಾಯಿಪಾಠ. ಆದರೆ ದೇಶದಲ್ಲಿ ಹಲವು ಮೀಡಿಯಂ ವೇವ್ ಟ್ರಾನ್ಸ್‌ಮಿಟರ್ ನಿಂತಿವೆ, ನಿಮ್ಮ ಕಡೆಯ ಸ್ಟೇಷನ್ ಇನ್ನೂ ಇದೆಯಾ ಅಂತ ಮೊದಲು ವಿಚಾರಿಸಿ. ಬರೀ ಗರಗರ ಬಂದರೆ ಶೆಲ್ಲು ಹಾಕಿ ಅಂಗಳದ ತುದಿಗೆ ಒಯ್ಯಿರಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಈಗ ಪ್ರತಿ ಕೋಣೆಯಲ್ಲೂ ಈ ಸದ್ದು ತುಂಬುತ್ತವೆ. ಅಂಗಳದಲ್ಲಿ ಸ್ಪಷ್ಟ ಕೇಳಿದರೆ ಸೆಟ್ ಸರಿ ಇದೆ.

ಬೋರ್ಡಿನ ಮೇಲೆ ಹಳದಿ, ಬಿಳಿ, ಕಪ್ಪು ತಲೆಯ ಪುಟ್ಟ ಚೌಕ ಡಬ್ಬಿಗಳಿವೆ. ಅವು 455 ಕಿಲೋಹರ್ಟ್ಜಿಗೆ, 10.7 ಮೆಗಾಹರ್ಟ್ಜಿಗೆ ಕೂರಿಸಿದ ಕಾಯಿಲುಗಳು. ಅವುಗಳ ತಲೆ ತಿರುಗಿಸಬೇಡಿ. ಸಿಗ್ನಲ್ ಜನರೇಟರ್ ಇಲ್ಲದೆ ವಾಪಸ್ ಮೊದಲಿನ ಜಾಗಕ್ಕೆ ತರುವುದು ಕಷ್ಟ.

ಗುಂಯ್ ಅನ್ನುವ ಸದ್ದು ಕರೆಂಟಿನಲ್ಲಿ ಮಾತ್ರ ಇದ್ದು ಶೆಲ್ಲಿನಲ್ಲಿ ಇಲ್ಲದಿದ್ದರೆ ಪವರ್ ಭಾಗದ ದೊಡ್ಡ ಕೆಪಾಸಿಟರ್ ಒಣಗಿದೆ. ಸಾಮಾನ್ಯವಾಗಿ 1000ದಿಂದ 3300 ಮೈಕ್ರೋಫ್ಯಾರಡ್. ಅಷ್ಟೇ ಮೈಕ್ರೋಫ್ಯಾರಡಿನ, ವೋಲ್ಟ್ ಅಷ್ಟೇ ಅಥವಾ ಜಾಸ್ತಿ ಇರುವ, 105 ಡಿಗ್ರಿಯದ್ದು ಹಾಕಿ, ಮೈನಸ್ ಪಟ್ಟೆ ನೋಡಿಕೊಳ್ಳಿ. ಕರೆಂಟು, ಶೆಲ್ಲು ಎರಡರಲ್ಲೂ ಗುಂಯ್ ಇದ್ದು, ಟೇಪ್ ಹಾಕಿದಾಗ ಮಾತ್ರ ಬಂದರೆ ಹೆಡ್ಡಿನಿಂದ ಬರುವ ಜಾಲರಿ ವೈರಿನ ಅರ್ತ್ ಬಿಟ್ಟಿರುತ್ತದೆ. ಸೋಲ್ಡರಿಂಗ್ ಐರನ್ ಬಿಸಿ ಮಾಡಲು ಇವೆರಡೂ ಒಳ್ಳೆ ಕಾರಣ. ಒಂದು ಕೆಪಾಸಿಟರ್ ಹೋಯಿತು ಅಂತ ಬೋರ್ಡಿನ ಎಲ್ಲವನ್ನೂ ಕಿತ್ತು ಬದಲಿಸುವುದನ್ನು ನಾನು ಒಪ್ಪುವುದಿಲ್ಲ. ಹಳೆ ಬೋರ್ಡಿನ ತಾಮ್ರದ ಗೆರೆ ಬಿಸಿಗೆ ಸುಲಭವಾಗಿ ಏಳುತ್ತದೆ.

ಮುಚ್ಚುವ ಮೊದಲು

'ನಾವಡರು' ಕ್ಯಾಸೆಟ್ಟನ್ನು ಒಂದೇ ಸಲ ಓಡಿಸಿದೆವು. ಇಯರ್‌ಫೋನ್ ಸಾಕೆಟ್ಟಿನಿಂದ ಲ್ಯಾಪ್‌ಟಾಪಿಗೆ ವೈರ್ ಎಳೆದು, ವಾಲ್ಯೂಮ್ ಕಾಲು ಭಾಗ ಇಟ್ಟು, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಸೆಟ್ ಶೆಲ್ಲಿನಲ್ಲಿತ್ತು, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿದ್ದೆ. ಇಲ್ಲದಿದ್ದರೆ ಗುಂಯ್ ಸೇರುತ್ತದೆ. ಇಯರ್‌ಫೋನ್ ಪಿನ್ ಹಾಕಿದರೆ ಸ್ಪೀಕರ್ ಮುಚ್ಚುತ್ತದೆ ಅಂತ ದೊಡ್ಡಮ್ಮನಿಗೆ ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ ಕೇಳಿಸಿದೆ. "ಅದ್ರಗ್ ಬ್ಯಾಡ, ಇದ್ರಗೇ ಹಾಕ್" ಅಂದರು. ಮುಗಿದ ಮೇಲೆ ವೈರ್ ತೆಗೆದು ಸೆಟ್ಟಿನ ಸ್ಪೀಕರಿನಲ್ಲೇ ಇನ್ನೊಂದು ಕ್ಯಾಸೆಟ್ ಹಾಕಿಕೊಟ್ಟೆ.

ಶೆಲ್ಲಿನ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿದ್ದೇನೆ. ಅದರಲ್ಲಿ ಬರೆದದ್ದು ಇಷ್ಟು: ದೊಡ್ಡ ಬೆಲ್ಟಿನ ಸುತ್ತಳತೆ, ಪುಟ್ಟ ಬೆಲ್ಟಿನ ಸುತ್ತಳತೆ, ಬದಲಿಸಿದ ತಿಂಗಳು. ವೇಗ 100 ಸೆಕೆಂಡಿಗೆ ಹೊಂದಿಸಿದೆ, ಬೆಲ್ಟು ನೋಡದೆ ಮೋಟಾರ್ ಸ್ಕ್ರೂ ಮುಟ್ಟಬೇಡಿ. ಹೆಡ್ ಸ್ಕ್ರೂ ಮನೆಯ ಕ್ಯಾಸೆಟ್ಟಿಗೆ ಹೊಂದಿಸಿದೆ, ಬದಲಿಸಬೇಡಿ. ಕೆಲಸ ಇಲ್ಲದಾಗ ಶೆಲ್ಲು ತೆಗೆದಿಡಿ.